ನೀರಿನ ಬಿಸಿ, ಉಪ್ಪಿನಂಶ ಮತ್ತು ವಿಷಪಾಚಿ: ಗಜನಿ (ಉಪ್ಪು ನೀರು ನುಗ್ಗುವ ಗದ್ದೆ), ಸಿಗಡಿ ಹೊಂಡ, ಅಳಿವೆಯವರಿಗೆ ಅಳತೆಯ ಕೈಪಿಡಿ

ಕಾಳಿಯಿಂದ ನೇತ್ರಾವತಿಯವರೆಗೆ ನಮ್ಮ ಕರಾವಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ಉಪ್ಪಿನಂಶ ವರ್ಷಕ್ಕೊಮ್ಮೆ ಸೊನ್ನೆಯ ಹತ್ತಿರ ಇಳಿದು ಮತ್ತೆ ಕಡಲಿನ ಮಟ್ಟಕ್ಕೆ ಏರುತ್ತದೆ. ಆಷಾಢದಲ್ಲಿ ನಾಲಿಗೆಗೆ ಸಪ್ಪೆ ನೀರು, ವೈಶಾಖದ ಹೊತ್ತಿಗೆ ಕಟ್ಟಿ ನಿಲ್ಲಿಸಿದ ಹೊಂಡದಲ್ಲಿ ಕಡಲಿಗಿಂತ ಕಟು. ಇಷ್ಟು ದೊಡ್ಡ ಏರಿಳಿತದಲ್ಲಿ ಒಂದೇ ಜಾತಿಯ ಪಾಚಿ ವರ್ಷವಿಡೀ ಬಾಳಲಾರದು. ಒಂದು ಸಾಯುತ್ತದೆ, ಇನ್ನೊಂದು ಅದರ ಜಾಗ ಹಿಡಿಯುತ್ತದೆ. ತೊಂದರೆಯೆಲ್ಲ ಹೆಚ್ಚಾಗಿ ಈ ಅದಲುಬದಲಿನ ಹೊತ್ತಿನಲ್ಲೇ. "ಎಷ್ಟು ಪಿಪಿಟಿ (ಸಾವಿರ ಪಾಲು ನೀರಿನಲ್ಲಿ ಉಪ್ಪಿನ ಪಾಲು) ಸುರಕ್ಷಿತ, ಎಷ್ಟು ಡಿಗ್ರಿ ಅಪಾಯ" ಎಂದು ಒಂದೇ ಅಂಕಿ ಕೇಳುವವರಿಗೆ ನೇರ ಉತ್ತರ ಕೊಡಲಾಗುವುದಿಲ್ಲ. ಅಂಕಿಗಿಂತ ಅಂತರ ನೋಡಬೇಕು: ಮೇಲಿನ ನೀರಿಗೂ ತಳದ ನೀರಿಗೂ ಎಷ್ಟು ಅಂತರ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಎಷ್ಟು, ಹೋದ ವಾರಕ್ಕೂ ಈ ವಾರಕ್ಕೂ ಎಷ್ಟು.

ಇನ್ನೊಂದು ಮಾತು ಮೊದಲೇ. ಪಾಚಿ ಇದ್ದ ಮಾತ್ರಕ್ಕೆ ನೀರು ಕೆಟ್ಟಿತು ಎಂದಲ್ಲ. ಡಯಾಟಂ ಎಂಬ ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳು ತುಂಬಿದ ತೆಳು ಕಂದು ನೀರು ಸಿಗಡಿ ಹೊಂಡಕ್ಕೆ ಬಹಳ ಒಳ್ಳೆಯದು. ಇಲ್ಲಿ ಹೇಳುತ್ತಿರುವುದು ಮೂರು ಬಗೆಯ ತಂಟೆಯ ಬಗ್ಗೆ: ವಿಷ ತಯಾರಿಸುವ ಪಾಚಿ, ವಿಷವಿಲ್ಲದಿದ್ದರೂ ಅತಿಯಾಗಿ ಬೆಳೆದು ರಾತ್ರಿ ಆಮ್ಲಜನಕ ಕಬಳಿಸುವ ಪಾಚಿ, ಮತ್ತು ಸಿಗಡಿಗೆ ಮಣ್ಣಿನ ವಾಸನೆ ಹತ್ತಿಸುವ ನೀಲಿ-ಹಸಿರು ಪಾಚಿ.

ಬಿಸಿ ಏನು ಮಾಡುತ್ತದೆ

ಸೂಕ್ಷ್ಮ ಪಾಚಿಗಳ ಗರಿಷ್ಠ ಬೆಳವಣಿಗೆಯ ವೇಗ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 1.9 ಪಟ್ಟು ಹೆಚ್ಚುತ್ತದೆ. ಇದು ಸರಾಸರಿ. ಒಂದೊಂದು ಜಾತಿಗೂ ಒಂದು ಮೇಲ್ಮಿತಿ ಇದೆ, ಅದನ್ನು ದಾಟಿದರೆ ಬೆಳವಣಿಗೆ ಕುಸಿಯುತ್ತದೆ. ಡಯಾಟಂಗಳಲ್ಲಿ ಅನೇಕವು ಬೇಗ ಸೋಲುತ್ತವೆ. ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿಗಳಿಗೆ 25 ಡಿಗ್ರಿ ದಾಟಿದ ಮೇಲೆಯೇ ಹುರುಪು.

ಆದರೆ ಯುರೋಪು, ಅಮೆರಿಕದ ಬರಹಗಳಲ್ಲಿ ಕಾಣುವ "ನೀರು ಬಿಸಿಯಾದರೆ ಪಾಚಿ" ಎಂಬ ಸೂತ್ರ ನಮ್ಮಲ್ಲಿ ಅರ್ಧ ಮಾತ್ರ ನಿಜ. ಅಲ್ಲಿ ಚಳಿಗಾಲ ಪಾಚಿಯನ್ನು ಕಟ್ಟಿಹಾಕುತ್ತದೆ. ನಮ್ಮ ಕರಾವಳಿಯಲ್ಲಿ ನೀರು ವರ್ಷವಿಡೀ ಪಾಚಿ ಬೆಳೆಯುವಷ್ಟು ಬೆಚ್ಚಗೇ ಇರುತ್ತದೆ. ಇಲ್ಲಿ ಬಿಸಿಯ ದೊಡ್ಡ ಕೆಲಸ ಬೇರೆ ಎರಡು. ಒಂದು, ಬಿಸಿಲಿಗೆ ಮೇಲಿನ ನೀರು ಹಗುರಾಗಿ ತಳದ ನೀರಿನೊಂದಿಗೆ ಬೆರೆಯದೆ ಪದರ ಕಟ್ಟುತ್ತದೆ. ಈಜಬಲ್ಲ ಡೈನೋಫ್ಲಾಜೆಲೇಟ್‌ಗಳಿಗೆ, ಒಳಗೆ ಗಾಳಿಚೀಲ ಇಟ್ಟುಕೊಂಡು ತೇಲಬಲ್ಲ ನೀಲಿ-ಹಸಿರು ಪಾಚಿಗಳಿಗೆ ಇಂಥ ಅಲುಗಾಡದ ನೀರೇ ಬೇಕು. ಭಾರದ ಡಯಾಟಂಗಳು ಮಾತ್ರ ಮುಳುಗಿಹೋಗುತ್ತವೆ. ಎರಡು, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 30 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 7.5 ಮಿ.ಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಅದೇ ಬಿಸಿಯ 35 ಪಿಪಿಟಿ ನೀರು ಹಿಡಿಯುವುದು 6.2ರಷ್ಟು ಮಾತ್ರ. ಒಂದೇ ದಟ್ಟಣೆಯ ಪಾಚಿ ಏಪ್ರಿಲ್‌ನ ಉಪ್ಪು ಹೊಂಡದಲ್ಲಿ ಬೆಳಗಿನ ಜಾವ ಸಿಗಡಿಯನ್ನು ಬೇಗ ಉಸಿರುಗಟ್ಟಿಸುವುದು ಇದರಿಂದ.

ತೆರೆದ ಕಡಲಿನಲ್ಲಿ ಸೂತ್ರ ತಲೆಕೆಳಗಾಗುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇರಳ ಮತ್ತು ದಕ್ಷಿಣ ಕರ್ನಾಟಕದ ಕಡಲಂಚಿನಲ್ಲಿ ಆಳದ ತಣ್ಣನೆಯ ನೀರು ಮೇಲಕ್ಕೆ ಉಕ್ಕುತ್ತದೆ. ಆ ನೀರು ನೈಟ್ರೇಟ್, ಫಾಸ್ಫೇಟ್ ಹೊತ್ತು ತರುತ್ತದೆ, ಆಮ್ಲಜನಕ ಅದರಲ್ಲಿ ಕಡಿಮೆ. ಮಳೆಗಾಲದ ಕೊನೆಯಲ್ಲಿ ಕಡಲ ನೀರು ಇದ್ದಕ್ಕಿದ್ದಂತೆ ತಣ್ಣಗಾಗಿ, ಮೋಡ ಸರಿದು ಬಿಸಿಲು ಬಂದರೆ ಕೆಲವು ದಿನಗಳಲ್ಲೇ ನೀರಿನ ಬಣ್ಣ ಬದಲಾಗಬಹುದು. ಅಲ್ಲಿ ಎಚ್ಚರಿಕೆಯ ಗಂಟೆ ಬಿಸಿಯ ಇಳಿಕೆ, ಏರಿಕೆಯಲ್ಲ.

ಉಪ್ಪು ಏನು ಮಾಡುತ್ತದೆ

ಉಪ್ಪಿನಂಶ ಯಾರಿಗೆ ಒಳಗೆ ಜಾಗ, ಯಾರಿಗಿಲ್ಲ ಎಂಬುದನ್ನು ತೀರ್ಮಾನಿಸುತ್ತದೆ. ಮೈಕ್ರೋಸಿಸ್ಟಿಸ್ ಸಿಹಿನೀರಿನದು, ಆದರೂ ಅದರ ಕೆಲವು ತಳಿಗಳು 10 ಪಿಪಿಟಿಯವರೆಗೂ ತಡೆದುಕೊಳ್ಳುತ್ತವೆ. ಅದಕ್ಕಿಂತ ಮೇಲೆ ಕೋಶಗಳು ಸೋರಿ, ಒಡೆದು, ಒಳಗಿದ್ದ ಮೈಕ್ರೋಸಿಸ್ಟಿನ್ ವಿಷ ನೀರಿಗೆ ಬರುತ್ತದೆ. "ಉಪ್ಪು ನೀರು ಬಿಟ್ಟೆವು, ಹಸಿರು ಹೋಯಿತು" ಎಂದು ಸಮಾಧಾನಪಡುವಂತಿಲ್ಲ. ಹೋದದ್ದು ಹಸಿರು, ವಿಷ ನೀರಿನಲ್ಲೇ ಇದೆ. ಇನ್ನೊಂದು ತುದಿಯಲ್ಲಿ, ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಡಲು ಕೆಂಪಾಗಿಸುವ ಕರೇನಿಯಾ ಬ್ರೆವಿಸ್‌ಗೆ 24 ಪಿಪಿಟಿಗಿಂತ ಕಡಿಮೆ ಉಪ್ಪು ಒಗ್ಗುವುದಿಲ್ಲ. ಹೊಳೆ ನೀರು ಇಳಿದು ಬರುವ ಜಾಗದಲ್ಲಿ ಅದು ನಿಲ್ಲದು. ಬಾಲ್ಟಿಕ್ ಸಮುದ್ರದ ನೋಡ್ಯುಲಾರಿಯಾ ಈ ಎರಡರ ನಡುವಿನ ಸವಳು ನೀರನ್ನೇ ಆರಿಸಿಕೊಂಡಿದೆ.

ಸಿಹಿನೀರಿಗೆ ಉಪ್ಪು ಹೊಕ್ಕರೆ ಏನಾಗುತ್ತದೆ ಎಂಬುದಕ್ಕೆ ಪೋಲೆಂಡ್-ಜರ್ಮನಿ ಗಡಿಯ ಓಡರ್ ನದಿ ಉದಾಹರಣೆ. 2022ರ ಬೇಸಿಗೆಯಲ್ಲಿ ಹರಿವು ಕಡಿಮೆಯಾಗಿ, ನೀರು ಬಿಸಿಯಾಗಿ, ಅದರ ಜೊತೆಗೆ ಗಣಿಗಳ ಉಪ್ಪು ನೀರು ಸೇರಿ ನದಿ ಸವಳಾಯಿತು. ಸವಳು ನೀರಿನ ಪ್ರಿಮ್ನೀಸಿಯಂ ಪಾರ್ವಂ ಎಂಬ ಪಾಚಿ ಅಲ್ಲಿ ಮಿತಿಮೀರಿ ಬೆಳೆದು ನೂರಾರು ಟನ್ ಮೀನು ಸತ್ತವು. ಉಪ್ಪಿನಂಶ ಕಡಲಿನಷ್ಟೇನೂ ಏರಿರಲಿಲ್ಲ, ಆ ಪಾಚಿಗೆ ಬಾಗಿಲು ತೆರೆಯುವಷ್ಟು ಮಾತ್ರ ಏರಿತ್ತು.

ಪದರ ಕಟ್ಟುವುದರಲ್ಲಿ ಉಪ್ಪಿನ ಕೈ ಬಿಸಿಗಿಂತ ಬಹಳ ಮೇಲು. ಒಂದು ಪಿಪಿಟಿ ಉಪ್ಪು ಹೆಚ್ಚಾದರೆ ಘನ ಮೀಟರ್ ನೀರಿನ ತೂಕ ಸುಮಾರು 0.75 ಕೆ.ಜಿ. ಹೆಚ್ಚುತ್ತದೆ. ನೀರು 25ರಿಂದ 30 ಡಿಗ್ರಿಗೆ ಏರಿದರೆ ಇಳಿಯುವ ತೂಕ ಸುಮಾರು 1.4 ಕೆ.ಜಿ. ಎಂದರೆ ಮೇಲೂ ಕೆಳಗೂ ಬರೀ 2 ಪಿಪಿಟಿ ಅಂತರವಿದ್ದರೆ ಅದು 5 ಡಿಗ್ರಿ ಬಿಸಿಯ ಅಂತರಕ್ಕೆ ಸಮ. ಥರ್ಮಾಮೀಟರ್ ಒಂದನ್ನೇ ಇಟ್ಟುಕೊಂಡು ಹೊಂಡ ನೋಡುವವರಿಗೆ ಈ ಪದರ ಕಾಣುವುದೇ ಇಲ್ಲ.

ಅಳತೆಗೆ ಬೇಕಾದ ಸಾಮಾನು

ಉಪ್ಪಿನಂಶ ತೋರಿಸುವ 0ರಿಂದ 100 ಪಿಪಿಟಿಯ ಕೈ ರಿಫ್ರಾಕ್ಟೋಮೀಟರ್, ಎರಡು ಮೀಟರ್ ವೈರಿನ ಡಿಜಿಟಲ್ ಥರ್ಮಾಮೀಟರ್, ನೀರು ಎಷ್ಟು ತಿಳಿ ಎಂದು ನೋಡುವ ಸೆಕ್ಕಿ ಬಿಲ್ಲೆ, ಪಿಎಚ್ ಮೀಟರ್, ತಳದ ನೀರು ತೆಗೆಯುವ ಬಾಟಲಿ, ಒಂದು ನೋಟ್‌ಬುಕ್. ಆಮ್ಲಜನಕ ಮೀಟರ್ ಇದ್ದರೆ ಒಳ್ಳೆಯದು. ಕೊಳ್ಳುವ ಶಕ್ತಿ ಒಂದಕ್ಕೇ ಇದ್ದರೆ ಪಿಎಚ್ ಮೀಟರ್ ಬಿಟ್ಟು ಅದನ್ನೇ ಕೊಳ್ಳಿ.

ತಳದ ಬಾಟಲಿಯನ್ನು ಮನೆಯಲ್ಲೇ ಮಾಡಬಹುದು. ಒಂದು ಲೀಟರಿನ ದಪ್ಪ ಗಾಜಿನ ಬಾಟಲಿಗೆ ಅರ್ಧ ಇಟ್ಟಿಗೆ ಕಟ್ಟಿ, ಕುತ್ತಿಗೆಗೆ ಮೊದಲ ಹಗ್ಗ ಬಿಗಿಯಿರಿ. ಬೂಚಿಗೆ ತಂತಿ ಚುಚ್ಚಿ ಎರಡನೇ ಹಗ್ಗ ಕಟ್ಟಿ, ಬೂಚನ್ನು ಹಗುರವಾಗಿ ಒತ್ತಿ. ಬಾಟಲಿ ತಳದಿಂದ ಒಂದು ಗೇಣು ಮೇಲೆ ಇರುವಂತೆ ಇಳಿಸಿ, ಎರಡನೇ ಹಗ್ಗ ಜಗ್ಗಿ. ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ. ಬಾಟಲಿ ತಳ ಮುಟ್ಟಿದರೆ ಕೆಸರು ಎದ್ದು ಅಳತೆ ಕೆಡುತ್ತದೆ, ಆ ನೀರು ಚೆಲ್ಲಿ ಬೇರೆ ಜಾಗದಲ್ಲಿ ತೆಗೆಯಿರಿ.

ರಿಫ್ರಾಕ್ಟೋಮೀಟರ್ ಬಳಕೆಯಲ್ಲಿ ಆಗುವ ತಪ್ಪುಗಳು ಬಹಳ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1. ಗಾಜಿನ ಮೇಲೆ ಎರಡು ಮೂರು ಹನಿ ಡಿಸ್ಟಿಲ್ಡ್ ನೀರು ಹಾಕಿ ಮುಚ್ಚಳ ಮುಚ್ಚಿ. ಒಳಗೆ ಗುಳ್ಳೆ ಉಳಿಯಬಾರದು. ಬೆಳಕಿನ ಕಡೆ ಹಿಡಿದು ನೋಡಿ, ನೀಲಿ-ಬಿಳಿ ಗೆರೆ ಸೊನ್ನೆಯಲ್ಲಿರಬೇಕು. ಇಲ್ಲದಿದ್ದರೆ ಮೇಲಿನ ಸ್ಕ್ರೂ ತಿರುಗಿಸಿ ಕೂರಿಸಿ. ಬಾವಿ ನೀರು, ಬಾಟಲಿ ನೀರು ಇದಕ್ಕೆ ಬೇಡ.

2. ತಿಂಗಳಿಗೊಮ್ಮೆ ಮೇಲಿನ ತುದಿಯನ್ನೂ ಪರೀಕ್ಷಿಸಿ. ಅಯೋಡಿನ್ ಬೆರೆಸದ ಶುದ್ಧ ಉಪ್ಪು 36.5 ಗ್ರಾಂ, ಡಿಸ್ಟಿಲ್ಡ್ ನೀರು 963.5 ಗ್ರಾಂ ತೂಗಿ ಕರಗಿಸಿದರೆ ರಿಫ್ರಾಕ್ಟೋಮೀಟರ್ 35 ತೋರಿಸಬೇಕು. 35 ಗ್ರಾಂ ಹಾಕಬೇಕಲ್ಲವೇ ಎಂದು ಕೇಳಬಹುದು. ಅಡುಗೆ ಉಪ್ಪಿನ ನೀರೂ ಕಡಲ ನೀರೂ ಬೆಳಕನ್ನು ಒಂದೇ ಪ್ರಮಾಣದಲ್ಲಿ ಬಾಗಿಸುವುದಿಲ್ಲ. ಆ ವ್ಯತ್ಯಾಸಕ್ಕಾಗಿ 1.5 ಗ್ರಾಂ ಹೆಚ್ಚು.

3. ಮಾದರಿ ನೀರು ಹಾಕಿದ ಮೇಲೆ ಅರ್ಧ ನಿಮಿಷ ಕಾಯಿರಿ. ತಾನೇ ಬಿಸಿ ಸರಿದೂಗಿಸುತ್ತದೆ ಎನ್ನುವ ಉಪಕರಣಗಳು ಸಾಮಾನ್ಯವಾಗಿ 10ರಿಂದ 30 ಡಿಗ್ರಿಯೊಳಗೆ ಮಾತ್ರ ಆ ಕೆಲಸ ಮಾಡುತ್ತವೆ. ಮಧ್ಯಾಹ್ನ ಬಂಡಿನ (ಹೊಂಡದ ದಂಡೆಯ) ಮೇಲೆ ಬಿಸಿಲಿಗೆ ಕಾದ ಉಪಕರಣದಲ್ಲಿ ನೋಡಿದರೆ ಅಂಕಿ ತಪ್ಪುತ್ತದೆ. ನೆರಳಿಗೆ ತಂದು ನೋಡಿ.

4. 5 ಪಿಪಿಟಿಗಿಂತ ಕೆಳಗೆ ಇದನ್ನು ನಂಬಬೇಡಿ. ಗೆರೆಗೆ ಒಂದು ಪಿಪಿಟಿ ಇರುವ ಉಪಕರಣದಲ್ಲಿ 2 ಮತ್ತು 3ರ ವ್ಯತ್ಯಾಸ ಕಣ್ಣಿನ ಅಂದಾಜು. ಮಳೆಗಾಲದ ಅಳತೆಗೆ ವಾಹಕತೆ ಅಳೆಯುವ ಕಂಡಕ್ಟಿವಿಟಿ ಮೀಟರ್ ಬೇಕು. 35 ಪಿಪಿಟಿ ಕಡಲ ನೀರು 25 ಡಿಗ್ರಿಯಲ್ಲಿ ಅದರಲ್ಲಿ ಸುಮಾರು 53 ಮಿಲಿಸೀಮೆನ್ಸ್ ತೋರಿಸುತ್ತದೆ. ಹೊಸ ಮೀಟರನ್ನು ಹೀಗೆ ಒಮ್ಮೆ ಪರೀಕ್ಷಿಸಿಕೊಳ್ಳಿ.

5. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಒಣಗಿ ಅಂಟಿದ ಉಪ್ಪು ಮರುದಿನದ ಅಳತೆಗೆ ಸೇರಿಕೊಳ್ಳುತ್ತದೆ.

ಯಾವಾಗ, ಎಲ್ಲಿ ಅಳೆಯಬೇಕು

ದಿನಕ್ಕೆರಡು ಬಾರಿ: ಸೂರ್ಯ ಹುಟ್ಟುವ ಮೊದಲು, ಮತ್ತು ಮಧ್ಯಾಹ್ನ ಎರಡರಿಂದ ಮೂರರೊಳಗೆ. ಪ್ರತಿ ಬಾರಿಯೂ ಎರಡು ಆಳ: ಮೇಲ್ಮೈಯಿಂದ ಒಂದು ಗೇಣು ಕೆಳಗೆ, ತಳದಿಂದ ಒಂದು ಗೇಣು ಮೇಲೆ. ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಪಕ್ಕದಲ್ಲಿ ಅಳೆಯಬೇಡಿ, ಅಲ್ಲಿ ನೀರು ಯಾವಾಗಲೂ ಬೆರೆತೇ ಇರುತ್ತದೆ. ಗಾಳಿ ಬೀಸುವ ದಿಕ್ಕಿನ ಮೂಲೆಯೂ ಬೇಡ, ತೇಲುವ ಪಾಚಿಯೆಲ್ಲ ಅಲ್ಲಿ ಗುಡ್ಡೆಯಾಗುತ್ತದೆ. ಹೊಂಡದ ಅತಿ ಆಳದ ಜಾಗಕ್ಕೆ ಒಂದು ಗೂಟ ಹೊಡೆದು ಪ್ರತಿದಿನ ಅಲ್ಲೇ ಅಳೆಯಿರಿ. ಅಳಿವೆಯಲ್ಲಾದರೆ ಭರತ ತುಂಬಿದಾಗ ಒಮ್ಮೆ, ಇಳಿತದ ಕೊನೆಯಲ್ಲಿ ಒಮ್ಮೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಮೂರು ದಿನಗಳಲ್ಲಿ ಈ ಎರಡರ ಅಂತರ ಅತಿ ಹೆಚ್ಚು.

ಸೆಕ್ಕಿ ಬಿಲ್ಲೆ ಎಂದರೆ 20 ಸೆಂ.ಮೀ. ಅಗಲದ, ಕಪ್ಪು-ಬಿಳಿ ಕಾಲುಭಾಗ ಬಳಿದ ತಟ್ಟೆ. ನೆರಳಿನ ಬದಿಯಿಂದ ಇಳಿಸಿ, ಕಾಣೆಯಾದ ಆಳ ಮತ್ತು ಎತ್ತುವಾಗ ಮತ್ತೆ ಕಂಡ ಆಳ ಇವೆರಡರ ಸರಾಸರಿ ಬರೆಯಿರಿ. ಸಿಗಡಿ ಹೊಂಡದಲ್ಲಿ 30ರಿಂದ 45 ಸೆಂ.ಮೀ. ಹಿತ. 25ಕ್ಕಿಂತ ಕಡಿಮೆಯಾದರೆ ಪಾಚಿ ದಟ್ಟವಾಗಿದೆ, ಅಥವಾ ಕೆಸರು ಎದ್ದಿದೆ. ಒಂದು ಲೋಟ ನೀರು ಅರ್ಧ ಗಂಟೆ ಇಟ್ಟರೆ ಕೆಸರು ಕೂರುತ್ತದೆ, ಪಾಚಿ ಕೂರುವುದಿಲ್ಲ.

ನೋಟ್‌ಬುಕ್‌ನಲ್ಲಿ ಹುಡುಕಬೇಕಾದ ಗುರುತುಗಳಿವು. ಮೇಲೂ ಕೆಳಗೂ 2 ಪಿಪಿಟಿಗಿಂತ ಹೆಚ್ಚು ಅಂತರ ಎರಡು ದಿನ ಉಳಿದರೆ ಪದರ ಗಟ್ಟಿಯಾಗಿದೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಪಿಎಚ್ 0.5ಕ್ಕಿಂತ ಹೆಚ್ಚು ಏರಿಳಿದರೆ ಪಾಚಿ ಅತಿಯಾಗಿದೆ, ಅಥವಾ ಆ ಏರಿಳಿತ ತಡೆಯುವ ಕ್ಷಾರತೆ ಸಾಲದು. ಒಂದು ವಾರದಲ್ಲಿ ಉಪ್ಪಿನಂಶ 5 ಪಿಪಿಟಿಗಿಂತ ಹೆಚ್ಚು ಬದಲಾಗಿದ್ದರೆ ಹಳೆಯ ಪಾಚಿ ಸಾಯುವ ಸರದಿ ಬಂದಿದೆ ಎಂದೇ ತಿಳಿದು ಮುಂದಿನ ನಾಲ್ಕೈದು ದಿನ ರಾತ್ರಿ ಎಚ್ಚರವಾಗಿರಿ.

ಮಳೆ, ಆವಿ, ನೀರು ಬದಲಾವಣೆ: ಲೆಕ್ಕ

ಒಂದು ಮೀಟರ್ ಆಳದ, 20 ಪಿಪಿಟಿ ಹೊಂಡದ ಮೇಲೆ ಒಂದು ರಾತ್ರಿ 100 ಮಿ.ಮೀ. ಮಳೆ ಸುರಿಯಿತು ಎನ್ನಿ. ನಮ್ಮ ಕಡೆ ಇದೇನೂ ಅಪರೂಪವಲ್ಲ. ಪೂರ್ತಿ ಬೆರೆತರೆ 20 × 100 ÷ 110, ಎಂದರೆ ಸುಮಾರು 18 ಪಿಪಿಟಿ. ಇಷ್ಟರಿಂದ ಏನೂ ಆಗದು. ಆದರೆ ಬೆರೆಯುವುದಿಲ್ಲ. ಆ 10 ಸೆಂ.ಮೀ. ಮಳೆ ನೀರು ಮೇಲಿನ 10 ಸೆಂ.ಮೀ. ಹೊಂಡದ ನೀರಿನೊಂದಿಗೆ ಮಾತ್ರ ಸೇರಿದರೆ ಮೇಲ್ಪದರ 10 ಪಿಪಿಟಿ, ಕೆಳಗೆ 20. ತಳಕ್ಕೆ ಗಾಳಿ ತಲುಪುವುದು ನಿಲ್ಲುತ್ತದೆ. ಮೇಲಿದ್ದ ಉಪ್ಪು ನೀರಿನ ಪಾಚಿ ಸಾಯತೊಡಗುತ್ತದೆ. ಬಂಡಿನಿಂದ, ಗದ್ದೆಯಿಂದ ತೊಳೆದು ಬಂದ ಗೊಬ್ಬರ ಮೇಲ್ಪದರದಲ್ಲೇ ನಿಂತು ಕಡಿಮೆ ಉಪ್ಪಿನ ಪಾಚಿಗೆ ಊಟವಾಗುತ್ತದೆ.

ಬೇಸಿಗೆಯಲ್ಲಿ ಇದರ ಉಲ್ಟಾ. ದಿನಕ್ಕೆ 5 ಮಿ.ಮೀ. ಆವಿಯಾದರೂ ತಿಂಗಳಿಗೆ 15 ಸೆಂ.ಮೀ. ಒಂದು ಮೀಟರ್ ಹೊಂಡದ 30 ಪಿಪಿಟಿ ನೀರು 30 × 100 ÷ 85 ಲೆಕ್ಕದಲ್ಲಿ 35 ದಾಟುತ್ತದೆ. ಕಡಿಮೆಯಾದ ನೀರನ್ನು ಭರತದ ಉಪ್ಪು ನೀರಿನಿಂದಲೇ ತುಂಬುತ್ತಿದ್ದರೆ ಉಪ್ಪು ಕೂಡುತ್ತಲೇ ಹೋಗುತ್ತದೆ.

ನೀರು ಬದಲಿಸುವಾಗ ಹಳೆಯ ಉಪ್ಪಿನಂಶವನ್ನು ಉಳಿದ ಪಾಲಿನಿಂದಲೂ ಹೊಸ ನೀರಿನದನ್ನು ಸೇರಿಸಿದ ಪಾಲಿನಿಂದಲೂ ಗುಣಿಸಿ ಕೂಡಿ. 20 ಪಿಪಿಟಿ ಹೊಂಡಕ್ಕೆ 32 ಪಿಪಿಟಿ ನೀರು ಐದರಲ್ಲೊಂದು ಪಾಲು ಬಿಟ್ಟರೆ 16 + 6.4 = 22.4. ದಿನಕ್ಕೆ 3 ಪಿಪಿಟಿಗಿಂತ ಹೆಚ್ಚು ಬದಲಾಗದಂತೆ ನೋಡಿಕೊಳ್ಳಿ. ವನಾಮಿ ಸಿಗಡಿ ಬಹಳ ಗಟ್ಟಿ ಜೀವ, ಉಪ್ಪಿನ ದೊಡ್ಡ ಏರಿಳಿತವನ್ನೂ ತಾಳಿಕೊಳ್ಳುತ್ತದೆ. ತಾಳಿಕೊಳ್ಳದೇ ಇರುವುದು ಹೊಂಡದ ಪಾಚಿ. ಅದು ಒಮ್ಮೆಲೇ ಸತ್ತು ಕೊಳೆತಾಗ ಸಿಗಡಿಗೂ ಸಂಕಟ.

ವರ್ಷದ ಯಾವ ಹೊತ್ತಿನಲ್ಲಿ ಏನು

ಜೂನ್‌ನಿಂದ ಆಗಸ್ಟ್: ಅಳಿವೆ ಬಹುಪಾಲು ಸಿಹಿ. ನೀರು ಕೆಂಪಗೆ ಹರಿಯುತ್ತದೆ, ಬೆಳಕು ಒಳಗೆ ಹೋಗದು, ಹೊಳೆ ಎಲ್ಲವನ್ನೂ ಕೊಚ್ಚಿ ಕಡಲಿಗೆ ಒಯ್ಯುತ್ತದೆ. ಹರಿಯುವ ನೀರಿನಲ್ಲಿ ಪಾಚಿಯ ಭಯ ಕಡಿಮೆ. ಕಟ್ಟಿ ನಿಲ್ಲಿಸಿದ ಹೊಂಡದಲ್ಲಿ, ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ, ನೀಲಿ-ಹಸಿರು ಪಾಚಿಗೆ ಹಬ್ಬ.

ಸೆಪ್ಟೆಂಬರ್‌ನಿಂದ ನವೆಂಬರ್: ಇದೇ ಕಷ್ಟದ ಕಾಲ. ಗೊಬ್ಬರದ ಅಂಶ ನೀರಿನಲ್ಲಿ ತುಂಬಿದೆ, ಬಿಸಿಲು ಬಂದಿದೆ, ಉಪ್ಪಿನಂಶ ವಾರದಿಂದ ವಾರಕ್ಕೆ ಏರುತ್ತಿದೆ. ಅಳಿವೆಯಲ್ಲಿ ಮೇಲೆ ಸಿಹಿ, ಕೆಳಗೆ ಉಪ್ಪು. ರಾತ್ರಿ ಅಲೆಗಳಲ್ಲಿ ನೀಲಿ ಬೆಳಕು ಕಾಣಿಸುವ ನಾಕ್ಟಿಲೂಕಾ ಇಂಥ ಹೊತ್ತಿನಲ್ಲಿ ಬರಬಹುದು. 2020ರ ನವೆಂಬರ್ ಆಸುಪಾಸು ಮಲ್ಪೆ, ಮಂಗಳೂರು ಕಡೆ ಜನ ಗುಂಪು ಕಟ್ಟಿ ನೋಡಿದ್ದು ಇದನ್ನೇ. ನೋಡಲು ಚೆಂದ, ಹೊಂಡಕ್ಕೆ ಬಿಡಲು ಚೆಂದವಲ್ಲ. ನಾಕ್ಟಿಲೂಕಾ ಚಿಪ್ಪಿನಲ್ಲಿ ಸೇರುವ ವಿಷ ತಯಾರಿಸದಿದ್ದರೂ ಅದರ ಕೋಶದೊಳಗೆ ಅಮೋನಿಯಾ ತುಂಬಿರುತ್ತದೆ, ಸತ್ತು ಕೊಳೆತರೆ ಆಮ್ಲಜನಕವನ್ನೂ ತಿನ್ನುತ್ತದೆ.

ಡಿಸೆಂಬರ್, ಜನವರಿ ಸಾಮಾನ್ಯವಾಗಿ ಸಲೀಸು. ಫೆಬ್ರವರಿಯಿಂದ ಮೇ ತನಕ ಕಡಲಿನಲ್ಲಿ ಟ್ರೈಕೋಡೆಸ್ಮಿಯಂ ಬರುತ್ತದೆ: ಗಾಳಿ ಇಲ್ಲದ ದಿನ, ಬೆಚ್ಚಗಿನ ನೀರು, ಪೂರ್ತಿ ಕಡಲ ಉಪ್ಪು, ಮೇಲೆ ಮರದ ಹೊಟ್ಟು ಚೆಲ್ಲಿದಂತೆ ಕಂದು ಪಟ್ಟೆಗಳು. ಗಾಳಿಯ ಸಾರಜನಕವನ್ನೇ ಹಿಡಿದು ಗೊಬ್ಬರ ಮಾಡಿಕೊಳ್ಳುವ ಪಾಚಿಯಿದು, ನೀರಿನಲ್ಲಿ ನೈಟ್ರೇಟ್ ಇಲ್ಲದಿದ್ದರೂ ಬೆಳೆಯುತ್ತದೆ.

ಯಾವ ಪಾಚಿ ಎಂದು ಗುರುತಿಸುವುದು

ಸೂಕ್ಷ್ಮದರ್ಶಕವಿಲ್ಲದಿದ್ದರೆ ಜಾಡಿ ಪರೀಕ್ಷೆ ಮಾಡಿ. ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಮುಚ್ಚಿ, ಅಲುಗಿಸದೆ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹಸಿರೆಲ್ಲ ಮೇಲೆ ಉಂಗುರದಂತೆ ತೇಲಿದ್ದರೆ ನೀಲಿ-ಹಸಿರು ಪಾಚಿಯ ಅನುಮಾನ ಬಲವಾಗುತ್ತದೆ. ಕೆಳಗೆ ಕೂತಿದ್ದರೆ ಬೇರೆಯವು. ತೇಲುತ್ತಿರುವ ಹಸಿರಿಗೆ ಕಡ್ಡಿ ಅದ್ದಿ ಎತ್ತುವುದೂ ಒಂದು ದಾರಿ: ಬಣ್ಣ ಬಳಿದಂತೆ ಕಡ್ಡಿಗೆ ಹತ್ತಿದರೆ ನೀಲಿ-ಹಸಿರು, ಕೂದಲಿನ ಎಳೆಯಾಗಿ ಜೋತುಬಿದ್ದರೆ ಸಾಮಾನ್ಯ ಎಳೆಪಾಚಿ. ಎರಡೂ ಪರೀಕ್ಷೆ ವಿಷ ಇದೆಯೋ ಇಲ್ಲವೋ ಹೇಳವು. ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಸೂಕ್ಷ್ಮದರ್ಶಕ ಇದ್ದರೆ 100 ಪಟ್ಟು ಹಿಗ್ಗಿಸಿದರೂ ಸಾಕಷ್ಟು ತಿಳಿಯುತ್ತದೆ. ಗಾಜಿನ ಪೆಟ್ಟಿಗೆ, ದೋಣಿ, ಸರಪಳಿಯ ಆಕಾರದವು ಡಯಾಟಂ. ಅಂಟಿನಲ್ಲಿ ಹುದುಗಿದ ಸಣ್ಣ ಚುಕ್ಕೆಗಳ ಮುದ್ದೆ ಮೈಕ್ರೋಸಿಸ್ಟಿಸ್. ಸೊಂಟದ ಸುತ್ತ ತೋಡು ಇದ್ದು, ತಿರುಗುತ್ತಾ ಓಡಾಡುವವು ಡೈನೋಫ್ಲಾಜೆಲೇಟ್. ಈ ಕೊನೆಯವು ಕಂಡರೆ ಸುಮ್ಮನಿರಬೇಡಿ.

ಹೊಂಡದಲ್ಲಿ ಮಾಡಬೇಕಾದ್ದು

ಜೋರು ಮಳೆಯ ಮುನ್ಸೂಚನೆ ಇದ್ದರೆ ಜಂತ್ರಡಿಯ (ಹೊಂಡಕ್ಕೆ ನೀರು ಬಿಡುವ ಹಲಗೆಯ ತೂಬು) ಮೇಲಿನ ಹಲಗೆ ಒಂದೆರಡು ತೆಗೆದು, ಮಳೆ ನೀರು ಮೇಲಿಂದಲೇ ಹರಿದುಹೋಗಲು ಬಿಡಿ. ಹಲಗೆ ತೆಗೆದ ಜಾಗಕ್ಕೆ ಬಲೆ ಕಟ್ಟುವುದು ಮರೆಯಬೇಡಿ. ಮಳೆ ಶುರುವಾಗುವ ಮೊದಲೇ ಏರೇಟರ್ ಹಾಕಿ. ಪದರ ಕಟ್ಟುವ ಮೊದಲು ಬೆರೆಸುವುದು ಸುಲಭ. ಎರಡು ದಿನ ಕಟ್ಟಿ ನಿಂತ ಪದರವನ್ನು ಒಮ್ಮೆಲೇ ಕಲಕಿದರೆ ತಳದ ಆಮ್ಲಜನಕವಿಲ್ಲದ, ಕೊಳೆತ ಮೊಟ್ಟೆ ವಾಸನೆಯ ನೀರು ಮೇಲೆ ಬಂದು ಸಿಗಡಿ ಸಾಯಬಹುದು. ತಡವಾಗಿದ್ದರೆ ಮೊದಲು ಮೇಲ್ಪದರ ಹರಿಯಬಿಡಿ, ನಂತರ ಒಂದೊಂದೇ ಏರೇಟರ್ ಚಾಲು ಮಾಡಿ. ಮಳೆ ನಿಂತ ಮೇಲೆ ಕ್ಷಾರತೆ ನೋಡಿ. ಲೀಟರಿಗೆ 80 ಮಿ.ಗ್ರಾಂಗಿಂತ ಇಳಿದಿದ್ದರೆ ಎಕರೆಗೆ 40ರಿಂದ 80 ಕೆ.ಜಿ. ಕೃಷಿ ಸುಣ್ಣ, ನೀರಿನಲ್ಲಿ ಕಲಸಿ, ಸಂಜೆ ಎರಚಿ. ಸುಟ್ಟ ಸುಣ್ಣ ಬೇಡ, ಅದು ಪಿಎಚ್ಚನ್ನು ಒಮ್ಮೆಲೇ ಏರಿಸುತ್ತದೆ.

ಪಿಎಚ್ ಏಕೆ ಇಷ್ಟು ಮುಖ್ಯ? ಸಿಹಿನೀರಿನಲ್ಲಿ, 30 ಡಿಗ್ರಿ ಬಿಸಿಯಲ್ಲಿ, ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ನೂರಕ್ಕೆ 7-8 ಪಾಲು. ಪಿಎಚ್ 9 ಆದರೆ ಸುಮಾರು 45 ಪಾಲು. ಉಪ್ಪು ನೀರಿನಲ್ಲಿ ಸ್ವಲ್ಪ ಕಡಿಮೆ, ಏರುವ ರೀತಿ ಅದೇ. ದಟ್ಟ ಪಾಚಿ ಮಧ್ಯಾಹ್ನ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಏರಿಸುತ್ತದೆ. ಹಾಗಾಗಿ ಅಮೋನಿಯಾ ಪರೀಕ್ಷೆಯನ್ನು ಬೆಳಿಗ್ಗೆ ಮಾತ್ರ ಮಾಡಿ "ಕಡಿಮೆ ಇದೆ" ಎನ್ನುವುದು ತಪ್ಪು ಲೆಕ್ಕ.

ಪಾಚಿ ಅತಿಯಾದಾಗ ಮೊದಲು ಮೇವು ಕಡಿಮೆ ಮಾಡಿ, ಅರ್ಧಕ್ಕೆ ಇಳಿಸಿದರೂ ಒಂದೆರಡು ದಿನಕ್ಕೆ ಸಿಗಡಿಗೆ ನಷ್ಟವಿಲ್ಲ. ತಿನ್ನದೆ ಉಳಿದ ಮೇವೇ ಪಾಚಿಯ ಗೊಬ್ಬರ. ಗಾಳಿ ತಳ್ಳಿ ಮೂಲೆಯಲ್ಲಿ ಸೇರಿಸಿದ ಹೆಪ್ಪನ್ನು ಬಲೆಯಿಂದ ಎತ್ತಿ ಹೊಂಡದಿಂದ ದೂರ ಹಾಕಿ. ಬಂಡಿನ ಮೇಲೆಯೇ ಸುರಿದರೆ ಮುಂದಿನ ಮಳೆಗೆ ವಾಪಸ್. ಹೊರಗಿನ ನೀರು ಚೆನ್ನಾಗಿದ್ದರೆ ದಿನಕ್ಕೆ ನೂರರಲ್ಲಿ 10ರಿಂದ 15 ಪಾಲು ಬದಲಿಸಿ.

ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಬೇಡಿ. ಪಾಚಿ ಸಾಯುತ್ತದೆ, ನಿಜ. ಒಂದೇ ರಾತ್ರಿಯಲ್ಲಿ ಎಲ್ಲ ಸಾಯುವುದೇ ತೊಂದರೆ. ಒಡೆದ ಕೋಶಗಳಿಂದ ವಿಷ ನೀರಿಗೆ, ಕೊಳೆಯುವಿಕೆಗೆ ಆಮ್ಲಜನಕ ಖಾಲಿ, ತಾಮ್ರ ಸಿಗಡಿಯ ಕಿವಿರಿಗೆ. ಕ್ಷಾರತೆ ಕಡಿಮೆ ಇರುವ ಮಳೆಗಾಲದ ನೀರಿನಲ್ಲಿ ತಾಮ್ರದ ವಿಷ ಇನ್ನೂ ತೀಕ್ಷ್ಣ.

ನೀರು ತಾನಾಗಿಯೇ ಇದ್ದಕ್ಕಿದ್ದಂತೆ ತಿಳಿಯಾದರೆ ಖುಷಿಪಡುವ ಮಾತಲ್ಲ. ಸೆಕ್ಕಿ ಆಳ ಒಂದೇ ದಿನದಲ್ಲಿ ದುಪ್ಪಟ್ಟಾಗಿ, ಏರೇಟರ್ ಹಿಂದೆ ಒಡೆಯದ ನೊರೆ ಕಟ್ಟಿದ್ದರೆ ಪಾಚಿ ಸತ್ತಿದೆ. ಅಂದು ಮೇವು ನಿಲ್ಲಿಸಿ, ರಾತ್ರಿಯಿಡೀ ಎಲ್ಲ ಏರೇಟರ್ ಓಡಲಿ, ಬೆಳಗಿನ ಜಾವ ನಾಲ್ಕಕ್ಕೆ ಆಮ್ಲಜನಕ ನೋಡಿ. ಲೀಟರಿಗೆ 3 ಮಿ.ಗ್ರಾಂಗಿಂತ ಇಳಿದಿದ್ದರೆ ನೀರು ಬದಲಾವಣೆಗೆ ಭರತ ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕಿ.

ಹೊರಗಿಂದ ನೀರು ತೆಗೆದುಕೊಳ್ಳುವಾಗ

ಭರತದ ಮೊದಲ ನೀರು ಬೇಡ. ಇಳಿತದಲ್ಲಿ ಕೆಳಗೆ ಹೋಗಿದ್ದ ಅಳಿವೆಯ ಕೊಳೆಯೇ ಮೊದಲು ವಾಪಸ್ ಬರುತ್ತದೆ. ಭರತ ತುಂಬುವ ಕೊನೆಯ ಗಂಟೆಯ ನೀರು ಹೆಚ್ಚು ಉಪ್ಪು, ಹೆಚ್ಚು ಶುದ್ಧ. ಡೈನೋಫ್ಲಾಜೆಲೇಟ್‌ಗಳಲ್ಲಿ ಅನೇಕವು ಹಗಲು ಬೆಳಕಿಗೆ ಮೇಲೆ ಬಂದು ರಾತ್ರಿ ಕೆಳಗಿಳಿಯುತ್ತವೆ. ಹಗಲಾದರೆ ಮೇಲಿನ ಹಲಗೆ ಹಾಗೇ ಬಿಟ್ಟು ಕೆಳಗಿನದನ್ನು ಎತ್ತಿ ನೀರು ಬಿಡಿ. ಹೊರಗಿನ ನೀರಿಗೆ ಬಣ್ಣವಿದ್ದರೆ, ರಾತ್ರಿ ಹೊಳೆಯುತ್ತಿದ್ದರೆ, ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಜಂತ್ರಡಿ ಮುಚ್ಚಿಯೇ ಇರಲಿ. ಬಲೆ ಕಟ್ಟಿದ್ದೇವಲ್ಲ ಎನ್ನಬೇಡಿ: ಬಲೆಯ ಕಣ್ಣು 250 ಮೈಕ್ರಾನ್, ಈ ಪಾಚಿಗಳಲ್ಲಿ ಬಹಳಷ್ಟು 10ರಿಂದ 50 ಮೈಕ್ರಾನ್.

ಪ್ರತ್ಯೇಕ ಶೇಖರಣಾ ಹೊಂಡ ಇದ್ದವರು ಬ್ಲೀಚಿಂಗ್ ಪೌಡರ್ ಬಳಸುತ್ತಾರೆ. 60 ಪಿಪಿಎಂ ಎಂದರೆ ಒಂದು ಮೀಟರ್ ಆಳದ ಒಂದು ಎಕರೆಗೆ, ಅಂದಾಜು 40 ಲಕ್ಷ ಲೀಟರಿಗೆ, 240 ಕೆ.ಜಿ. ಸಂಜೆ ಹಾಕಿ, ಮರುದಿನದಿಂದ ಏರೇಟರ್ ಓಡಿಸಿ, ಕ್ಲೋರಿನ್ ಕಿಟ್ ಸೊನ್ನೆ ತೋರಿಸುವ ತನಕ ಬಳಸಬೇಡಿ. ವಿಷಪಾಚಿ ತುಂಬಿದ ನೀರಿಗೆ ಈ ಉಪಾಯ ಅಷ್ಟಾಗಿ ಸಲ್ಲದು. ಕೋಶ ಒಡೆದರೆ ವಿಷ ನೀರಿಗೆ ಬರುವ ಕತೆ ಇಲ್ಲೂ ಅದೇ. ಅಂಥ ನೀರು ತೆಗೆದುಕೊಳ್ಳದಿರುವುದೇ ಸರಿ.

ಬಳಚು, ಮರುವಾಯಿ, ಚಿಪ್ಪಿಕಲ್ಲು

ಇಲ್ಲಿ ಮನುಷ್ಯರ ಜೀವದ ಪ್ರಶ್ನೆ. ಚಿಪ್ಪು ಜೀವಿಗಳು ನೀರು ಸೋಸಿ ತಿನ್ನುತ್ತವೆ, ಪಾಚಿಯ ವಿಷ ಅವುಗಳ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. ಚಿಪ್ಪಿಗೆ ಏನೂ ಆಗುವುದಿಲ್ಲ, ತಿಂದವರಿಗೆ ಆಗುತ್ತದೆ. 1981ರಲ್ಲಿ ತಮಿಳುನಾಡಿನಲ್ಲಿ ಮೂವರು, 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಮಂದಿ ಹೀಗೆ ಸತ್ತರು. 1983ರಲ್ಲಿ ಮಂಗಳೂರು ಆಸುಪಾಸಿನಲ್ಲೂ ಇದೇ ವಿಷಬಾಧೆ ದಾಖಲಾಗಿದೆ.

ಈ ವಿಷಕ್ಕೆ ನೀರಿನ ಬಣ್ಣ ಬದಲಾಗಲೇಬೇಕೆಂದಿಲ್ಲ. ವಿಷ ತಯಾರಿಸುವ ಡೈನೋಫ್ಲಾಜೆಲೇಟ್‌ಗಳಲ್ಲಿ ಅಲೆಕ್ಸಾಂಡ್ರಿಯಂ ಲೀಟರಿಗೆ ಒಂದು ಸಾವಿರ ಕೋಶದಷ್ಟಿದ್ದರೂ ಸಾಕು, ಡೈನೋಫೈಸಿಸ್ ಕೆಲವು ನೂರು ಇದ್ದರೂ ಸಾಕು. ಅಷ್ಟರಲ್ಲಿ ನೀರು ತಿಳಿಯಾಗಿಯೇ ಕಾಣುತ್ತದೆ. ಕುದಿಸಿದರೆ, ಹುರಿದರೆ, ಹುಳಿ ಹಾಕಿದರೆ ವಿಷ ಹೋಗುವುದಿಲ್ಲ. ಪಾಚಿ ಹೋದ ಮೇಲೂ ಮಾಂಸದಲ್ಲಿ ವಾರಗಟ್ಟಲೆ ಉಳಿಯಬಹುದು. ಪಾರ್ಶ್ವವಾಯು ತರಿಸುವ ವಿಷಕ್ಕೆ ಅಂತಾರಾಷ್ಟ್ರೀಯ ಮಿತಿ ಕಿಲೋ ಮಾಂಸಕ್ಕೆ 0.8 ಮಿ.ಗ್ರಾಂ. ಅದನ್ನು ಲ್ಯಾಬ್ ಮಾತ್ರ ಹೇಳಬಲ್ಲದು.

ಹಾಗಾಗಿ ಮಳೆ ನಿಂತು ಉಪ್ಪಿನಂಶ ವೇಗವಾಗಿ ಏರುವ ವಾರಗಳಲ್ಲಿ, ನೀರಿಗೆ ಬಣ್ಣ ಬಂದ ದಿನದಿಂದ ಕನಿಷ್ಠ ಮೂರು ನಾಲ್ಕು ವಾರ, ಚಿಪ್ಪು ಹೆಕ್ಕುವುದು ಬಿಡುವುದು ಮೇಲು. ತಿಂದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ತುಟಿ, ನಾಲಿಗೆ, ಬೆರಳ ತುದಿ ಜುಮುಜುಮು ಎಂದರೆ ಮನೆಮದ್ದಿಗೆ ಕಾಯದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿವಿಷ ಇಲ್ಲ. ಉಸಿರಾಟಕ್ಕೆ ಆಸರೆ ಕೊಟ್ಟು ವಿಷ ಇಳಿಯುವ ತನಕ ಕಾಯುವುದೇ ಚಿಕಿತ್ಸೆ. ಉಳಿದ ಚಿಪ್ಪನ್ನು ಎಸೆಯಬೇಡಿ, ವೈದ್ಯರಿಗೆ ತೋರಿಸಲು ಜೊತೆಗೆ ಒಯ್ಯಿರಿ.

ಮಾದರಿ ಕಳಿಸುವುದು

ಮಂಗಳೂರಿನ ಮೀನುಗಾರಿಕೆ ಕಾಲೇಜು, ಮಂಗಳೂರು ಮತ್ತು ಕಾರವಾರದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಕೇಂದ್ರಗಳನ್ನು ಮೊದಲು ಫೋನಿನಲ್ಲಿ ಕೇಳಿ, ಆಮೇಲೆ ಮಾದರಿ ಒಯ್ಯಿರಿ. ತೆರೆದ ಕಡಲಿನ ಪಾಚಿಯ ಬಗ್ಗೆ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಉಪಗ್ರಹ ಆಧರಿಸಿ ಮಾಹಿತಿ ಕೊಡುತ್ತದೆ. ಅಳಿವೆಯ ಕಿರಿದಾದ ನೀರು, ಹೊಂಡ ಅದಕ್ಕೆ ಕಾಣುವುದಿಲ್ಲ.

ಎರಡು ಬಾಟಲಿ ತುಂಬಿ. ಒಂದು ಜೀವಂತ ಮಾದರಿ: ಮುಕ್ಕಾಲು ಭಾಗ ಮಾತ್ರ ತುಂಬಿ, ನೆರಳಿನಲ್ಲಿ, ಐಸ್ ಇಲ್ಲದೆ, ಅದೇ ದಿನ ತಲುಪಿಸಿ. ಐಸಿನಲ್ಲಿಟ್ಟರೆ ಬೆಚ್ಚನೆ ನೀರಿನ ಡೈನೋಫ್ಲಾಜೆಲೇಟ್‌ಗಳು ಒಡೆದು ಗುರುತು ಸಿಗದಂತಾಗುತ್ತವೆ. ಇನ್ನೊಂದಕ್ಕೆ ಪಾಚಿ ಕೆಡದಂತೆ ಇಡುವ ಲುಗಾಲ್ ದ್ರಾವಣ: 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಮೊದಲು 10 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಕರಗಿಸಿ, ಆಮೇಲೆ 5 ಗ್ರಾಂ ಅಯೋಡಿನ್. ಕ್ರಮ ತಪ್ಪಿದರೆ ಅಯೋಡಿನ್ ಕರಗದೆ ತಳದಲ್ಲೇ ಉಳಿಯುತ್ತದೆ. 100 ಮಿ.ಲೀ. ಮಾದರಿಗೆ ಅರ್ಧದಿಂದ ಒಂದು ಮಿ.ಲೀ. ಸಾಕು, ನೀರಿಗೆ ಹಾಲಿಲ್ಲದ ಚಹಾದ ಬಣ್ಣ ಬರಬೇಕು. ವಿಷ ಪರೀಕ್ಷೆಗೆ ಕಳಿಸುವ ಚಿಪ್ಪಿನ ಮಾಂಸಕ್ಕೆ ಮಾತ್ರ ಅಯೋಡಿನ್ ಹಾಕಕೂಡದು, ಅದನ್ನು ಫ್ರೀಜರಿನಲ್ಲಿಟ್ಟು ಒಯ್ಯಬೇಕು. ಬಾಟಲಿಯ ಮೇಲೆ ಜಾಗ, ದಿನ, ಗಂಟೆ, ಭರತವೋ ಇಳಿತವೋ, ಮೇಲಿನ ಮತ್ತು ತಳದ ಬಿಸಿ, ಉಪ್ಪಿನಂಶ ಬರೆಯಿರಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಮಸಿ ಒದ್ದೆಗೆ ಕರಗುತ್ತದೆ. ಲುಗಾಲ್ ಹಾಕಿದ ಬಾಟಲಿ ಕತ್ತಲಲ್ಲಿರಲಿ. ಕೆಲವು ವಾರ ಇಡಬೇಕಾಗಿ ಬಂದು ಚಹಾ ಬಣ್ಣ ಮಾಸಿದ್ದರೆ ಮತ್ತೆರಡು ಹನಿ ಹಾಕಿ.